ಎತ್ತರಿಸಿದ ಗಾಡಿಯ ಲೆಕ್ಕಾಚಾರ: ಕಮಾನು ಪಾಟಾ, ಸ್ಟಿಯರಿಂಗ್ ಮತ್ತು ಕಾಯಿದೆ

ಹೂವಿನಹಡಗಲಿ ತಾಲ್ಲೂಕಿನ ಮೈಲಾರವು ತುಂಗಭದ್ರಾ ತೀರದ ಪ್ರಸಿದ್ಧ ಕ್ಷೇತ್ರ. ಭಾರತ ಹುಣ್ಣಿಮೆಯ ಹೊತ್ತಿಗೆ ಇಲ್ಲಿ ನಡೆಯುವ ಮೈಲಾರಲಿಂಗೇಶ್ವರನ ಜಾತ್ರೆಗೂ ಕಾರ್ಣಿಕೋತ್ಸವಕ್ಕೂ ಸುತ್ತಣ ಜಿಲ್ಲೆಗಳಿಂದ ಅಪಾರ ಭಕ್ತರು ಬಂದು ಸೇರುತ್ತಾರೆ. ಮಳೆ, ಬೆಳೆ ಹಾಗೂ ಧಾರಣೆಯ ಸೂಚನೆಯನ್ನು ಅರಸುತ್ತಾ ಗೊರವಯ್ಯನ ನುಡಿಗೆ ಕಿವಿಗೊಡುವವರಲ್ಲಿ ವರ್ತಕರ ಸಂಖ್ಯೆಯೂ ಕಡಿಮೆಯಿಲ್ಲ. ಈ ಜಾತ್ರೆಗೆ ಎತ್ತಿನ ಗಾಡಿ ಕಟ್ಟಿಕೊಂಡು ಬರುವ ಪದ್ಧತಿ ತಲೆಮಾರುಗಳಿಂದ ನಡೆದುಬಂದಿದೆ. ಅದರ ಜತೆಗೆ ಇಂದು ಟ್ರ್ಯಾಕ್ಟರ್, ಪಿಕಪ್ ಹಾಗೂ ಜೀಪುಗಳೂ ಹೊಲದ ದಾರಿಯನ್ನು ಹಿಡಿಯುತ್ತವೆ.

ಹಡಗಲಿ, ಹರಪನಹಳ್ಳಿ, ಕೊಟ್ಟೂರು, ಕೂಡ್ಲಿಗಿ ಹಾಗೂ ಹಗರಿಬೊಮ್ಮನಹಳ್ಳಿ ಭಾಗದ ವ್ಯಾಪಾರವು ಬಹುಮಟ್ಟಿಗೆ ದಾರಿಯನ್ನು ಅವಲಂಬಿಸಿದೆ. ಭೌಗೋಳಿಕ ಸೂಚ್ಯಂಕದ ಮಾನ್ಯತೆ ಪಡೆದ ಹಡಗಲಿ ಮಲ್ಲಿಗೆಯು ಬಾಡುವ ಮುನ್ನ ಮಾರುಕಟ್ಟೆಯನ್ನು ಸೇರಬೇಕು. ಮೆಕ್ಕೆಜೋಳ, ಹತ್ತಿ, ಈರುಳ್ಳಿಗಳು ಹೊಲದಿಂದ ಡಾಂಬರು ರಸ್ತೆಯವರೆಗೆ ಬರಬೇಕು. ಮಳೆ ಬಿದ್ದ ಮರುದಿನ ಎರೆಮಣ್ಣಿನ ದಾರಿಯಲ್ಲಿ ವಾಹನ ಹೂತುಕೊಂಡರೆ ಆ ದಿನದ ವ್ಯವಹಾರ ಮುಗಿದಂತೆಯೇ ಸರಿ. ಆದುದರಿಂದಲೇ "ಗಾಡಿಯನ್ನು ಸ್ವಲ್ಪ ಎತ್ತರ ಮಾಡಿಕೊಡಿ" ಎಂಬ ಬೇಡಿಕೆ ಗ್ಯಾರೇಜುಗಳಿಗೂ ಪಾಟಾ ಕಟ್ಟುವ ಕಾರ್ಯಾಗಾರಗಳಿಗೂ ಬರುತ್ತಿರುತ್ತದೆ. ಇದು ಕೆಲವೇ ಗಂಟೆಗಳ ಕೆಲಸವೆಂಬ ಭಾವನೆ ಗ್ರಾಹಕರಲ್ಲಿದೆ. ವಸ್ತುಸ್ಥಿತಿ ಹಾಗಿಲ್ಲ. ವಾಹನವನ್ನು ಎತ್ತರಿಸುವುದು ಸುಲಭ, ಎತ್ತರಿಸಿದ ವಾಹನವನ್ನು ನೆಟ್ಟಗೆ ಓಡುವಂತೆಯೂ ನೆಟ್ಟಗೆ ನಿಲ್ಲುವಂತೆಯೂ ಮಾಡುವುದು ಕಷ್ಟ. ಇದರ ತಾಂತ್ರಿಕ ಹಾಗೂ ಕಾನೂನು ಮಗ್ಗುಲುಗಳನ್ನು ವರ್ತಕರೂ ಲಘು ಉದ್ದಿಮೆದಾರರೂ ಅರಿತಿರುವುದು ಅವಶ್ಯವಾಗಿದೆ.

ಎತ್ತರದ ಗುಣ ಮತ್ತು ದೋಷ

ಎತ್ತರದ ಲಾಭವನ್ನು ನಮ್ಮ ಹಿರಿಯರು ಬಲ್ಲವರಾಗಿದ್ದರು. ಎತ್ತಿನ ಗಾಡಿಯ ದೊಡ್ಡ ಗಾಲಿಯು ಅಚ್ಚನ್ನು ನೆಲದಿಂದ ಮೇಲಕ್ಕೆ ಹಿಡಿಯುತ್ತದೆ, ಸಣ್ಣ ಗುಂಡಿಗಳ ಮೇಲೆ ಸರಾಗವಾಗಿ ಉರುಳುತ್ತದೆ. ಎರಡೇ ಗಾಲಿಗಳಿರುವುದರಿಂದ ಅದಕ್ಕೆ ಪ್ರತ್ಯೇಕ ಸ್ಟಿಯರಿಂಗ್ ಬೇಕಾಗಲಿಲ್ಲ, ಮೂಕಿ ತಿರುಗಿದತ್ತ ಗಾಡಿಯೂ ತಿರುಗುತ್ತದೆ. ಆದರೆ ಆ ಗಾಡಿಗೆ ಸ್ಪ್ರಿಂಗ್ ಇಲ್ಲದ ಕಾರಣ ದಾರಿಯ ಪೆಟ್ಟೆಲ್ಲ ಎತ್ತಿನ ಹೆಗಲಿಗೂ ಸರಕಿಗೂ ತಗಲುತ್ತದೆ. ಬೆಂಗಳೂರಿನ ಭಾರತೀಯ ವ್ಯವಸ್ಥಾಪನಾ ಸಂಸ್ಥೆಯ ಪ್ರಥಮ ನಿರ್ದೇಶಕರಾಗಿದ್ದ ಪ್ರೊ. ಎನ್.ಎಸ್. ರಾಮಸ್ವಾಮಿಯವರು ಎತ್ತಿನ ಗಾಡಿಯ ಸುಧಾರಣೆಗಾಗಿ ದೀರ್ಘಕಾಲ ಶ್ರಮಿಸಿದರು. ಗಾಡಿಯೊಂದನ್ನು ಅದರ ಹೊರೆ, ದಾರಿ ಹಾಗೂ ಎಳೆಯುವ ಶಕ್ತಿ ಇವು ಮೂರರ ಲೆಕ್ಕದಲ್ಲಿ ನೋಡಬೇಕೆಂಬುದು ಅಂಥ ಪ್ರಯತ್ನಗಳಿಂದ ತಿಳಿಯುವ ಪಾಠ.

ಎತ್ತರದ ದೋಷವೂ ಈ ಭಾಗದ ಜನರಿಗೆ ಅಪರಿಚಿತವಲ್ಲ. 2017ರ ಫೆಬ್ರವರಿಯಲ್ಲಿ ಕೊಟ್ಟೂರಿನ ಗುರು ಕೊಟ್ಟೂರೇಶ್ವರ ಸ್ವಾಮಿಯ ರಥೋತ್ಸವದ ಸಮಯದಲ್ಲಿ ತೇರು ಉರುಳಿ ಜನರು ಗಾಯಗೊಂಡದ್ದು ನಾಡಿಗೆಲ್ಲ ತಿಳಿದ ಸಂಗತಿ. ತೇರಿಗೂ ಜೀಪಿಗೂ ಹೋಲಿಕೆ ಎಲ್ಲಿಯದು ಎನ್ನಬಹುದು. ಆದರೆ ನಿಯಮ ಒಂದೇ: ಭಾರದ ಕೇಂದ್ರ ಮೇಲಕ್ಕೆ ಹೋದಷ್ಟೂ ಗಾಲಿ ಮತ್ತು ಅಚ್ಚುಗಳ ಮೇಲಿನ ಹೊಣೆ ಹೆಚ್ಚುತ್ತದೆ, ತಪ್ಪಿಗೆ ಇರುವ ಅವಕಾಶ ಕುಗ್ಗುತ್ತದೆ.

ಒಂದು ಲೆಕ್ಕವನ್ನು ನೋಡೋಣ. ಎಡಬಲ ಗಾಲಿಗಳ ನಡುವಣ ಅಂತರ 1300 ಮಿ.ಮೀ., ಭಾರಕೇಂದ್ರದ ಎತ್ತರ 650 ಮಿ.ಮೀ. ಇರುವ ವಾಹನವೊಂದನ್ನು ಊಹಿಸಿಕೊಳ್ಳಿ. ಅಂತರದ ಅರ್ಧವನ್ನು ಎತ್ತರದಿಂದ ಭಾಗಿಸಿದರೆ ದೊರೆಯುವ ಸ್ಥಿರತೆಯ ಅಂಕ 1.00. ಅದೇ ವಾಹನದ ಭಾರಕೇಂದ್ರವು 65 ಮಿ.ಮೀ. ಮೇಲೇರಿದರೆ ಅಂಕ 0.91ಕ್ಕೆ ಇಳಿಯುತ್ತದೆ. ಅಂದರೆ ತಿರುವಿನಲ್ಲಿ ಮಗುಚದೆ ನಿಲ್ಲುವ ಸಾಮರ್ಥ್ಯ ಶೇ. 9ರಷ್ಟು ಕಡಿಮೆಯಾಯಿತು. ಮೇಲೆ ಲಗೇಜ್ ಕ್ಯಾರಿಯರ್ ಕಟ್ಟಿ ಅದರಲ್ಲಿ ಹೆಚ್ಚುವರಿ ಟೈರು, ಡೀಸೆಲ್ ಕ್ಯಾನು ಇಟ್ಟರೆ ಅಂಕ ಮತ್ತಷ್ಟು ಇಳಿಯುತ್ತದೆ. ಎತ್ತರವನ್ನು ಅಗತ್ಯಕ್ಕೆ ತಕ್ಕಷ್ಟೇ, ಒಂದು ಅಂಗುಲವೂ ಮೀರದಂತೆ ಕೊಡಬೇಕೆಂಬುದಕ್ಕೆ ಇದೇ ಕಾರಣ.

ಯಾವ ವಾಹನ, ಯಾವ ಎತ್ತರ?

ಇಂಥ ಕೆಲಸಕ್ಕೆ ನಮ್ಮಲ್ಲಿ ಹೆಚ್ಚಾಗಿ ಆಯ್ಕೆಯಾಗುವವು ಮಹೀಂದ್ರದ ಹಳೆಯ ಜೀಪುಗಳು ಹಾಗೂ ಮಾರುತಿ ಜಿಪ್ಸಿ. 1985ರಲ್ಲಿ ಮಾರುಕಟ್ಟೆಗೆ ಬಂದ ಜಿಪ್ಸಿಯು 1996ರಲ್ಲಿ 1.3 ಲೀಟರ್ ಎಂಜಿನ್ನಿನ ಜಿಪ್ಸಿ ಕಿಂಗ್ ಆಯಿತು, 2019ರ ವೇಳೆಗೆ ಸಾರ್ವಜನಿಕರಿಗೆ ಅದರ ಮಾರಾಟ ನಿಂತುಹೋಯಿತು. ಮುಂದೆಯೂ ಹಿಂದೆಯೂ ಇಡಿಯಾದ ಆಕ್ಸಲ್, ನಾಲ್ಕೂ ಕಡೆ ಕಮಾನು ಪಾಟಾ ಇರುವ ಅದರ ರಚನೆ ಸರಳವಾದುದು. 2023ರಲ್ಲಿ ಬಂದ ಜಿಮ್ನಿಯಲ್ಲಿ ಆಕ್ಸಲ್ ಇಡಿಯಾಗಿಯೇ ಉಳಿದು ಪಾಟಾದ ಸ್ಥಾನಕ್ಕೆ ಕಾಯಿಲ್ ಸ್ಪ್ರಿಂಗ್ ಬಂದಿದೆ. 2020ರ ಹೊಸ ಥಾರ್ ವಾಹನದ ಮುಂಗಾಲಿಗಳಿಗಾದರೋ ಸ್ವತಂತ್ರ ಸಸ್ಪೆನ್ಷನ್ ಇದೆ. ಒಂದಕ್ಕೆ ಹೊಂದುವ ವಿಧಾನ ಮತ್ತೊಂದಕ್ಕೆ ಹೊಂದುವುದಿಲ್ಲ ಎಂಬುದನ್ನು ಮೊದಲು ಮನಗಾಣಬೇಕು.

ಎತ್ತರದಲ್ಲಿ ಎರಡು ಬಗೆ. ಸ್ಪ್ರಿಂಗಿನಿಂದ ಬರುವ ಎತ್ತರವು ಚಾಸಿಸ್ಸನ್ನೂ ಬಾಡಿಯನ್ನೂ ಮೇಲಕ್ಕೆ ಒಯ್ಯುತ್ತದೆ. ಆದರೆ ಆಕ್ಸಲ್ಲಿನ ನಡುವೆ ತೂಗುವ ಡಿಫರೆನ್ಷಿಯಲ್ ಗುಂಡು ಇದ್ದಲ್ಲಿಯೇ ಇರುತ್ತದೆ. ಎರೆಮಣ್ಣಿನ ಚಕ್ಕಡಿ ಜಾಡಿನ ನಡುದಿಬ್ಬಕ್ಕೆ ತಗಲುವುದು ಈ ಗುಂಡೇ. ಅದನ್ನು ಮೇಲೆತ್ತಬಲ್ಲದ್ದು ಟೈರಿನ ವ್ಯಾಸ ಮಾತ್ರ, ಅದೂ ಹೆಚ್ಚಿದ ವ್ಯಾಸದ ಅರ್ಧದಷ್ಟು. ಜಿಪ್ಸಿ ಕಿಂಗ್‌ನ 205/70 ಆರ್ 15 ಟೈರಿನ ವ್ಯಾಸ ಸುಮಾರು 668 ಮಿ.ಮೀ. ಅದರ ಬದಲು 215/75 ಆರ್ 15 ಹಾಕಿದರೆ ವ್ಯಾಸ ಸುಮಾರು 704 ಮಿ.ಮೀ. ಆಗುತ್ತದೆ, ಗುಂಡು ಏರುವುದು 18 ಮಿ.ಮೀ. ಮಾತ್ರ. ಪ್ರತಿಯಾಗಿ ಸ್ಪೀಡೋಮೀಟರ್ 60 ತೋರಿಸುವಾಗ ವಾಹನ 63 ಕಿ.ಮೀ. ವೇಗದಲ್ಲಿರುತ್ತದೆ, ಎಂಜಿನ್ನಿನ ಎಳೆತ ಶೇ. 5ರಷ್ಟು ಕುಗ್ಗುತ್ತದೆ, ಬ್ರೇಕಿನ ಹೊರೆ ಹೆಚ್ಚುತ್ತದೆ. ಸ್ಪ್ರಿಂಗ್ ಎತ್ತರದ ನಿಜವಾದ ಪ್ರಯೋಜನವೆಂದರೆ ದೊಡ್ಡ ಟೈರಿಗೆ ಸ್ಥಳ ಮಾಡಿಕೊಡುವುದು, ದಡ ಏರುವಾಗಲೂ ಇಳಿಯುವಾಗಲೂ ಬಂಪರ್ ನೆಲಕ್ಕೆ ತಾಗದಂತೆ ಕಾಯುವುದು.

ಕಮಾನು ಪಾಟಾ: ದಪ್ಪದ ಘನ ನಿಯಮ

ಎತ್ತರ ಬೇಕೆಂದೊಡನೆ ಪಾಟಾ ಸೇರಿಸುವುದು ರೂಢಿಯಲ್ಲಿರುವ ಸುಲಭೋಪಾಯ. ಐದು ಪಟ್ಟಿಗಳಿರುವ ಕಟ್ಟಿಗೆ ಅದೇ ಅಳತೆಯ ಒಂದು ಪೂರ್ಣ ಪಟ್ಟಿ ಸೇರಿದರೆ ಬಿಗಿ ಶೇ. 20ರಷ್ಟು ಏರುತ್ತದೆ. ಆದರೆ 6 ಮಿ.ಮೀ. ದಪ್ಪದ ಪಟ್ಟಿಗಳ ಬದಲು 7 ಮಿ.ಮೀ. ಪಟ್ಟಿಗಳನ್ನು ಹಾಕಿದರೆ ಬಿಗಿ ಶೇ. 59ರಷ್ಟು ಏರುತ್ತದೆ. ಏಕೆಂದರೆ ಪಾಟಾದ ಬಿಗಿಯು ಪಟ್ಟಿಗಳ ಸಂಖ್ಯೆಗೆ ನೇರ ಅನುಪಾತದಲ್ಲಿಯೂ ದಪ್ಪದ ಘನಕ್ಕೆ ಅನುಪಾತದಲ್ಲಿಯೂ ಹೆಚ್ಚುತ್ತದೆ. ಹೀಗೆ ಬಿಗಿಯಾದ ಪಾಟಾ ಹೊರೆ ಇಲ್ಲದಿರುವಾಗ ಬಾಗುವುದೇ ಇಲ್ಲ. ಗಾಲಿಯು ಗುಂಡಿಗೆ ಇಳಿಯುವ ಬದಲು ಗಾಳಿಯಲ್ಲಿ ತೂಗುತ್ತದೆ. ಕೆಸರಿನಲ್ಲಿ ಹಿಡಿತ ಬೇಕೆಂದು ಮಾಡಿಸಿದ ಕೆಲಸವೇ ಹಿಡಿತವನ್ನು ಕಳೆಯುತ್ತದೆ.

ಸರಿಯಾದ ಮಾರ್ಗವೆಂದರೆ ಪಟ್ಟಿಗಳ ದಪ್ಪ ಮತ್ತು ಸಂಖ್ಯೆಯನ್ನು ಮೂಲದ ಸಮೀಪದಲ್ಲಿಟ್ಟು ಕಮಾನಿನ ಬಾಗನ್ನು ಹೆಚ್ಚಿಸುವುದು. ಇಲ್ಲಿ ಉಕ್ಕಿನ ಗುಣಮಟ್ಟ ಮುಖ್ಯ. ಇ.ಎನ್. 45 ಅಥವಾ ಎಸ್.ಯು.ಪಿ. 9 ವರ್ಗದ ಸ್ಪ್ರಿಂಗ್ ಉಕ್ಕನ್ನು ಹದವಾಗಿ ಕಾಯಿಸಿ, ಬಾಗಿಸಿ, ಎಣ್ಣೆಯಲ್ಲಿ ತಣಿಸಿ, ಮತ್ತೆ ಕಡಿಮೆ ಶಾಖದಲ್ಲಿ ಟೆಂಪರ್ ಮಾಡಿದಾಗಲೇ ಬಾಗು ನಿಲ್ಲುತ್ತದೆ. ಹಳೆಯ ಪಟ್ಟಿಯನ್ನು ತಣ್ಣಗಿರುವಾಗಲೇ ಸುತ್ತಿಗೆಯಿಂದ ಬಡಿದು ಎತ್ತರಿಸಿದರೆ ಕೆಲವೇ ತಿಂಗಳಲ್ಲಿ ಅದು ಕೂರುತ್ತದೆ, ಗ್ಯಾಸ್ ಜ್ವಾಲೆಯಲ್ಲಿ ಒಂದೇ ಕಡೆ ಕಾಯಿಸಿ ಬಾಗಿಸಿದರೆ ಅಲ್ಲಿಯೇ ಮುರಿಯುತ್ತದೆ. ಬಿಚ್ಚಿದ ಯು-ಬೋಲ್ಟುಗಳನ್ನು ಮರಳಿ ಬಳಸಬಾರದು. ಹೊಸವನ್ನು ಹಾಕಿ, ಕೆಲವು ನೂರು ಕಿ.ಮೀ. ಓಡಿದ ಬಳಿಕ ವಾಹನವನ್ನು ಕರೆಸಿ ಪುನಃ ನಿಗದಿತ ಟಾರ್ಕಿಗೆ ಬಿಗಿ ಮಾಡುವುದು ಒಳ್ಳೆಯ ಕಾರ್ಯಾಗಾರದ ಲಕ್ಷಣ.

ಶಾಕಲ್ ಉದ್ದವಾದರೆ ಕ್ಯಾಸ್ಟರ್ ಏನಾಗುತ್ತದೆ?

ಎರಡನೆಯ ಸುಲಭೋಪಾಯ ಉದ್ದನೆಯ ಶಾಕಲ್. 50 ಮಿ.ಮೀ. ಉದ್ದ ಹೆಚ್ಚಿಸಿದರೆ ಪಾಟಾದ ಒಂದು ತುದಿ 50 ಮಿ.ಮೀ. ಕೆಳಗಿಳಿಯುತ್ತದೆ, ನಡುವೆ ಇರುವ ಆಕ್ಸಲ್ಲಿನ ಲೆಕ್ಕದಲ್ಲಿ ಎತ್ತರ ದೊರೆಯುವುದು ಅದರ ಅರ್ಧ, ಅಂದರೆ 25 ಮಿ.ಮೀ. ಜತೆಗೆ ಇಡೀ ಪಾಟಾ ಓರೆಯಾಗುತ್ತದೆ. ಪಾಟಾದ ಕಣ್ಣಿನಿಂದ ಕಣ್ಣಿಗೆ 1000 ಮಿ.ಮೀ. ಇದ್ದಲ್ಲಿ ಈ ಓರೆ ಸುಮಾರು 3 ಡಿಗ್ರಿ. ಮುಂದಿನ ಆಕ್ಸಲ್ಲೂ ಅಷ್ಟೇ ತಿರುಗುತ್ತದೆ.

ಇದರ ಪರಿಣಾಮವೇನು? ಸೈಕಲ್ಲಿನ ಮುಂದಿನ ಫೋರ್ಕು ಹಿಂದಕ್ಕೆ ಓರೆಯಾಗಿರುವುದರಿಂದ ಕೈಬಿಟ್ಟರೂ ಗಾಲಿ ನೆಟ್ಟಗಾಗಲು ಹವಣಿಸುತ್ತದೆ. ವಾಹನದ ಮುಂಗಾಲಿಯಲ್ಲಿಯೂ ಕಿಂಗ್‌ಪಿನ್ನಿನ ತಲೆ ಹಿಂದಕ್ಕೆ ವಾಲಿರುತ್ತದೆ. ಈ ವಾಲಿಕೆಯೇ ಕ್ಯಾಸ್ಟರ್ ಕೋನ. ಅನೇಕ ಜೀಪುಗಳಲ್ಲಿ ಅದು ಕೆಲವೇ ಡಿಗ್ರಿಗಳಷ್ಟು. ಶಾಕಲ್ ಪಾಟಾದ ಮುಂದಿನ ತುದಿಯಲ್ಲಿದ್ದರೆ ಉದ್ದ ಹೆಚ್ಚಿಸಿದಾಗ ಆಕ್ಸಲ್ಲಿನ ಮೇಲ್ಭಾಗ ಮುಂದಕ್ಕೆ ವಾಲುತ್ತದೆ, ಇದ್ದ ಕ್ಯಾಸ್ಟರ್ ಬಹುಪಾಲು ಅಳಿಸಿಹೋಗುತ್ತದೆ. ವಾಹನ ರಸ್ತೆಯ ಮೇಲೆ ಅಡ್ಡಾಡುತ್ತದೆ, ತಿರುವಿನ ನಂತರ ಸ್ಟಿಯರಿಂಗ್ ತಾನಾಗಿ ಹಿಂದಿರುಗುವುದಿಲ್ಲ. ಶಾಕಲ್ ಹಿಂದಿನ ತುದಿಯಲ್ಲಿದ್ದರೆ ಇದಕ್ಕೆ ವಿರುದ್ಧ. ಕ್ಯಾಸ್ಟರ್ ಹೆಚ್ಚುತ್ತದೆ, ಆದರೆ ಡಿಫರೆನ್ಷಿಯಲ್ಲಿನ ಪಿನಿಯನ್ ಮೂತಿ ಕೆಳಮುಖವಾಗಿ ಪ್ರೊಪೆಲರ್ ಶಾಫ್ಟಿನ ಜಾಯಿಂಟುಗಳ ಕೋನ ಕೆಡುತ್ತದೆ.

ಪಾಟಾ ಮತ್ತು ಆಕ್ಸಲ್ ನಡುವೆ ಉಕ್ಕಿನ ಓರೆ ಬೆಣೆ ಇಟ್ಟು ಒಂದೆರಡು ಡಿಗ್ರಿ ಸರಿಪಡಿಸಬಹುದು. ಆದರೆ ಬೆಣೆಯು ಕ್ಯಾಸ್ಟರನ್ನೂ ಪಿನಿಯನ್ನನ್ನೂ ಒಟ್ಟಿಗೇ ತಿರುಗಿಸುತ್ತದೆ, ಒಂದನ್ನು ತಿದ್ದಿದರೆ ಇನ್ನೊಂದು ಕೆಡುವ ಸಂಭವ ಇದ್ದೇ ಇದೆ. ಆದಕಾರಣ ಉದ್ದ ಶಾಕಲ್ಲನ್ನು ಎತ್ತರದ ಮುಖ್ಯ ಸಾಧನವಾಗಿ ಬಳಸದಿರುವುದೇ ಲೇಸು.

ಮೂರನೆಯ ವಿಧಾನ ಪಾಟಾವನ್ನು ಆಕ್ಸಲ್ಲಿನ ಅಡಿಯಿಂದ ತೆಗೆದು ಮೇಲೆ ಕೂರಿಸುವುದು. ಇದರಿಂದ ಒಮ್ಮೆಲೇ ನಾಲ್ಕೈದು ಅಂಗುಲ ಎತ್ತರ ಬರುತ್ತದೆ. ಆದರೆ ಆಕ್ಸಲ್ಲಿಗೆ ಹೊಸ ಪ್ಯಾಡುಗಳ ಬೆಸುಗೆ, ಹೊಸ ಸ್ಟಿಯರಿಂಗ್ ತೋಳು, ಹೊಸ ಪ್ರೊಪೆಲರ್ ಶಾಫ್ಟ್ ಎಲ್ಲವೂ ಬೇಕಾಗುತ್ತವೆ. ಎಂಜಿನ್ ಜೋರಾಗಿ ಎಳೆದಾಗ ಆಕ್ಸಲ್ ತಿರುಚಿಕೊಂಡು ಪಾಟಾ ಎಸ್ ಆಕಾರಕ್ಕೆ ಬಾಗುವುದನ್ನು ತಡೆಯಲು ಪ್ರತ್ಯೇಕ ತೋಳು ಕೂಡ ಬೇಕು. ಇಷ್ಟೆಲ್ಲವನ್ನೂ ಮಾಡುವ ಸಿದ್ಧತೆಯಿಲ್ಲದವರು ಈ ಕೆಲಸಕ್ಕೆ ಕೈಹಾಕದಿರುವುದು ಕ್ಷೇಮ.

ಸ್ಟಿಯರಿಂಗ್: ಕೊಂಡಿಯ ಓರೆ

ಸ್ಟಿಯರಿಂಗ್ ಪೆಟ್ಟಿಗೆ ಚಾಸಿಸ್ಸಿಗೆ ಬಿಗಿದಿರುತ್ತದೆ, ಗಾಲಿಗಳು ಆಕ್ಸಲ್ಲಿಗೆ ಸೇರಿವೆ. ಇವೆರಡನ್ನೂ ಸೇರಿಸುವುದು ಡ್ರ್ಯಾಗ್ ಲಿಂಕ್. ಮೂಲ ವಾಹನದಲ್ಲಿ ಇದು ಬಹುಮಟ್ಟಿಗೆ ಮಟ್ಟವಾಗಿರುತ್ತದೆ. ಆಡಾಡುವ ಕೊಂಡಿ ವೃತ್ತದ ಕಂಸದಲ್ಲಿ ಚಲಿಸುವುದರಿಂದ ಗಾಲಿ ಏರಿಳಿದಾಗ ಅದು ಅಲ್ಪಸ್ವಲ್ಪ ತಳ್ಳುವುದು, ಎಳೆಯುವುದು ಸಹಜ. ಅಡ್ಡಲಾಗಿ ಹಾಯುವ 800 ಮಿ.ಮೀ. ಉದ್ದದ ಲಿಂಕ್ ಮಟ್ಟವಾಗಿದ್ದಾಗ ಗಾಲಿ 50 ಮಿ.ಮೀ. ಏರಿದರೆ ಉಂಟಾಗುವ ಎಳೆತ ಕೇವಲ 1.6 ಮಿ.ಮೀ. ಅದೇ ಲಿಂಕಿನ ಒಂದು ತುದಿ ಎತ್ತರಿಸಿದ ಕಾರಣದಿಂದ 100 ಮಿ.ಮೀ. ಓರೆಯಾಗಿದ್ದರೆ, ಗಾಲಿ 50 ಮಿ.ಮೀ. ಏರಿದಾಗ 4.7 ಮಿ.ಮೀ., ಅಷ್ಟೇ ಇಳಿದಾಗ 7.9 ಮಿ.ಮೀ. ವ್ಯತ್ಯಾಸ ಬರುತ್ತದೆ. ಮೂರರಿಂದ ಐದು ಪಟ್ಟು! ಚಾಲಕನು ಸ್ಟಿಯರಿಂಗನ್ನು ಅಲುಗಿಸದಿದ್ದರೂ ಗುಂಡಿಯೊಂದು ವಾಹನವನ್ನು ಪಕ್ಕಕ್ಕೆ ತಿರುಗಿಸುತ್ತದೆ. ಎದುರಿನಿಂದ ಲಾರಿ ಬರುತ್ತಿರುವಾಗ ಹೀಗಾದರೆ ಗತಿಯೇನೆಂದು ವಿವರಿಸಬೇಕಾಗಿಲ್ಲ.

ಪರಿಹಾರವೆಂದರೆ ಲಿಂಕನ್ನು ಮತ್ತೆ ಮಟ್ಟಕ್ಕೆ ತರುವುದು. ಕೆಳಕ್ಕೆ ಬಾಗಿದ ಪಿಟ್‌ಮನ್ ತೋಳು ಅಥವಾ ಆಕ್ಸಲ್ ಕಡೆ ಎತ್ತರದಲ್ಲಿ ಕೂರುವ ಸ್ಟಿಯರಿಂಗ್ ತೋಳು ಇದಕ್ಕಾಗಿ ಬಳಕೆಯಲ್ಲಿವೆ. ಇವು ಫೋರ್ಜಿಂಗ್ ಮಾಡಿದ ಭಾಗಗಳೇ ಆಗಿರಬೇಕು. ಹಳೆಯ ತೋಳನ್ನು ಕಾಯಿಸಿ ಬಾಗಿಸುವುದು, ಕತ್ತರಿಸಿ ಬೆಸೆಯುವುದು ಎಂದಿಗೂ ಸಲ್ಲದು. ಕಾಯಿಲ್ ಸ್ಪ್ರಿಂಗ್ ಹಾಗೂ ಇಡಿ ಆಕ್ಸಲ್ ಇರುವ ವಾಹನಗಳಲ್ಲಿ ಆಕ್ಸಲ್ಲನ್ನು ಪಕ್ಕಕ್ಕೆ ಸರಿಯದಂತೆ ಹಿಡಿಯುವ ಪ್ಯಾನ್‌ಹಾರ್ಡ್ ರಾಡ್ ಇರುತ್ತದೆ. ಎತ್ತರಿಸಿದಾಗ ಈ ರಾಡು ಆಕ್ಸಲ್ಲನ್ನು ಒಂದು ಪಕ್ಕಕ್ಕೆ ಎಳೆಯುತ್ತದೆ. ಉದ್ದ ಹೊಂದಿಸಬಲ್ಲ ರಾಡನ್ನು ಹಾಕಿ, ಅದು ಡ್ರ್ಯಾಗ್ ಲಿಂಕಿಗೆ ಸಮಾನಾಂತರವಾಗಿಯೂ ಸಾಧ್ಯವಾದಷ್ಟು ಸಮ ಉದ್ದವಾಗಿಯೂ ಇರುವಂತೆ ನೋಡಿಕೊಳ್ಳಬೇಕು. ಒಂದನ್ನು ಮಟ್ಟ ಮಾಡಿ ಇನ್ನೊಂದನ್ನು ಓರೆಯಾಗಿಯೇ ಬಿಟ್ಟರೆ ದೋಷ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗದು.

ವೇಗದಲ್ಲಿ ಮುಂಗಾಲಿಗಳು ಗಡಗಡನೆ ನಡುಗುವ ದೂರು ಬಂದಾಗ ಸ್ಟಿಯರಿಂಗ್ ಡ್ಯಾಂಪರ್ ಮಾರುವುದು ಸುಲಭ. ಡ್ಯಾಂಪರು ರೋಗವನ್ನು ಮುಚ್ಚುತ್ತದೆ, ವಾಸಿಮಾಡುವುದಿಲ್ಲ. ಮೊದಲು ಕಿಂಗ್‌ಪಿನ್ ಬೇರಿಂಗ್, ಟೈ ರಾಡ್ ಎಂಡ್, ಪಾಟಾದ ಬುಷ್, ಗಾಲಿಯ ಬೇರಿಂಗ್ ಹಾಗೂ ಸ್ಟಿಯರಿಂಗ್ ಪೆಟ್ಟಿಗೆಯ ಬೋಲ್ಟುಗಳ ಸಡಿಲವನ್ನು ಪರೀಕ್ಷಿಸಬೇಕು. ನಂತರ ಗಾಲಿಗಳ ಬ್ಯಾಲೆನ್ಸಿಂಗ್, ಕ್ಯಾಸ್ಟರ್, ಟೋ-ಇನ್ ಅಳತೆಗಳನ್ನು ನೋಡಬೇಕು. ಸವೆದ ಭಾಗಗಳಿರುವ ವಾಹನವನ್ನು ಎತ್ತರಿಸುವ ಪ್ರಶ್ನೆಯೇ ಏಳಬಾರದು.

ಕೆಲಸ ಮುಗಿಸುವ ಮೊದಲು ನೋಡಬೇಕಾದ ಇನ್ನೂ ಕೆಲವು ಅಂಶಗಳಿವೆ. ಗಾಲಿ ಪೂರ್ಣ ಕೆಳಗಿಳಿದಾಗ ಬ್ರೇಕ್ ಹೋಸ್ ಬಿಗಿಯಾಗಿ ಎಳೆಯಬಾರದು. ಸ್ಪ್ರಿಂಗಿಗಿಂತ ಮುನ್ನ ಶಾಕ್ ಅಬ್ಸಾರ್ಬರ್ ತುದಿ ಮುಟ್ಟಬಾರದು. ಪ್ರೊಪೆಲರ್ ಶಾಫ್ಟಿನ ಜಾರು ಜೋಡಣೆ ಕಳಚುವಷ್ಟು ಹೊರಬರಬಾರದು. ಗಾಲಿ ಪೂರ್ಣ ಮೇಲೇರಿ, ಪೂರ್ಣ ತಿರುಗಿದ ಸ್ಥಿತಿಯಲ್ಲಿ ಟೈರು ಎಲ್ಲಿಯೂ ಉಜ್ಜಬಾರದು. ಕೆಲವು ವಾಹನಗಳಲ್ಲಿ ಹಿಂದಿನ ಬ್ರೇಕಿನ ಒತ್ತಡವನ್ನು ಹೊರೆಗೆ ತಕ್ಕಂತೆ ಹೊಂದಿಸುವ ವಾಲ್ವಿನ ಕೊಂಡಿ ಆಕ್ಸಲ್ಲಿಗೆ ಸೇರಿರುತ್ತದೆ. ಎತ್ತರಿಸಿದ ಮೇಲೆ ಅದನ್ನು ಸರಿಪಡಿಸದಿದ್ದರೆ ಹೊರೆಯೇ ಇಲ್ಲವೆಂದು ವಾಲ್ವು ಭಾವಿಸಿ ಹಿಂದಿನ ಬ್ರೇಕು ದುರ್ಬಲವಾಗುತ್ತದೆ.

ಕಾಯಿದೆ ಏನು ಹೇಳುತ್ತದೆ?

ಇದು ನಮ್ಮ ಓದುಗರ ಕಿಸೆಗೂ ಗೌರವಕ್ಕೂ ಸಂಬಂಧಿಸಿದ ವಿಷಯ. ಮೋಟಾರು ವಾಹನಗಳ ಕಾಯಿದೆಯ 52ನೆಯ ಪ್ರಕರಣವು ನೋಂದಣಿ ಪತ್ರದಲ್ಲಿನ ವಿವರಗಳು ತಯಾರಕರು ಮೂಲದಲ್ಲಿ ನಿಗದಿಪಡಿಸಿದ ವಿವರಗಳಿಗಿಂತ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ನಿರ್ಬಂಧಿಸುತ್ತದೆ. ಕೇರಳದಿಂದ ಬಂದ ಪ್ರಕರಣವೊಂದರಲ್ಲಿ ಸರ್ವೋಚ್ಚ ನ್ಯಾಯಾಲಯವು 2019ರ ಜನವರಿ 9ರಂದು ನೀಡಿದ ತೀರ್ಪು ಈ ನಿರ್ಬಂಧವನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿ ಕಾಯಿದೆಯು 182ಎ ಪ್ರಕರಣವನ್ನು ಸೇರಿಸಿತು. ಅನುಮತಿಯಿಲ್ಲದ ಮಾರ್ಪಾಡಿಗಾಗಿ ಮಾಲೀಕನಿಗೆ 6 ತಿಂಗಳವರೆಗೆ ಸೆರೆವಾಸ ಅಥವಾ ಪ್ರತಿ ಮಾರ್ಪಾಡಿಗೆ 5,000 ರೂ. ದಂಡ ಅಥವಾ ಎರಡನ್ನೂ ಅದು ವಿಧಿಸಿತು. ನಿಯಮಬಾಹಿರ ವಾಹನವನ್ನು ಮಾರುವ ಅಥವಾ ಮಾರ್ಪಡಿಸುವ ತಯಾರಕ, ಆಮದುದಾರ ಹಾಗೂ ಡೀಲರಿಗೆ 1 ವರ್ಷದವರೆಗೆ ಸೆರೆವಾಸ ಅಥವಾ ಪ್ರತಿ ವಾಹನಕ್ಕೆ 1 ಲಕ್ಷ ರೂ. ದಂಡ ಅಥವಾ ಎರಡನ್ನೂ ಗೊತ್ತುಪಡಿಸಿತು. ಸುರಕ್ಷತೆಗೆ ನಿರ್ಣಾಯಕವೆಂದು ಅಧಿಸೂಚಿಸಲಾದ ಬಿಡಿಭಾಗಗಳನ್ನು ನಿಯಮ ಪಾಲಿಸದೆ ಮಾರುವವರಿಗೂ ಇಂಥದೇ ಶಿಕ್ಷೆಯಿದೆ.

ದಂಡಕ್ಕಿಂತ ದೊಡ್ಡ ಹೊರೆ ವಿಮೆಯದು. ವಿಮಾ ಕಂಪನಿಗೆ ತಿಳಿಸದೆ ಮಾರ್ಪಡಿಸಿದ ವಾಹನ ಅಪಘಾತಕ್ಕೀಡಾದರೆ ಪರಿಹಾರ ತಕರಾರಿಗೆ ಸಿಲುಕುತ್ತದೆ. ಗಾಯಾಳುವಿನ ಕುಟುಂಬ, ವಾಹನದ ಮಾಲೀಕ ಹಾಗೂ ಕೆಲಸ ಮಾಡಿಕೊಟ್ಟ ಕಾರ್ಯಾಗಾರ ಮೂವರೂ ನ್ಯಾಯಾಲಯದ ಮೆಟ್ಟಿಲಲ್ಲಿ ಎದುರುಬದುರಾಗುವ ಪ್ರಸಂಗ ಬರುತ್ತದೆ. ಆದುದರಿಂದ ಎತ್ತರಿಸಿದ ವಾಹನವನ್ನು ಸ್ವಂತ ಜಮೀನಿನಲ್ಲಿ ಅಥವಾ ಮುಚ್ಚಿದ ಅಂಕಣದ ಸ್ಪರ್ಧೆಗಳಲ್ಲಿ ಬಳಸುವವರ ಕೆಲಸವನ್ನೂ ಸಾರ್ವಜನಿಕ ರಸ್ತೆಯ ವಾಹನದ ಕೆಲಸವನ್ನೂ ಬೇರೆ ಬೇರೆಯಾಗಿ ಕಾಣಬೇಕು. ರಸ್ತೆಯ ವಾಹನವಾದರೆ ಪ್ರಾದೇಶಿಕ ಸಾರಿಗೆ ಕಚೇರಿಯಲ್ಲಿ ವಿಚಾರಿಸಿ ಲಿಖಿತ ಅನುಮತಿ ದೊರೆತ ಬಳಿಕವೇ ಸ್ಪ್ಯಾನರ್ ಹಿಡಿಯಬೇಕು.

ಉದ್ದಿಮೆದಾರರಿಗೆ ಇರುವ ಅವಕಾಶ

ಇಷ್ಟೆಲ್ಲ ನಿರ್ಬಂಧಗಳನ್ನು ಓದಿ ನಿರಾಶರಾಗಬೇಕಾಗಿಲ್ಲ. ನಮ್ಮ ಹಳ್ಳಿಗಾಡಿನ ಅನೇಕ ವಾಹನಗಳಿಗೆ ನಿಜವಾಗಿ ಬೇಕಾಗಿರುವುದು ಎತ್ತರಿಸುವಿಕೆಯಲ್ಲ, ಕಳೆದುಕೊಂಡ ಎತ್ತರದ ಮರುಪ್ರಾಪ್ತಿ. ವರ್ಷಗಟ್ಟಲೆ ಹೊರೆ ಹೊತ್ತ ಪಾಟಾ ಕುಸಿದು, ಬುಷ್ ಸವೆದು, ವಾಹನವು ನೆಲದತ್ತ ಬಾಗಿರುತ್ತದೆ. ತಯಾರಕರ ಮೂಲ ಅಳತೆಗೆ ಪಾಟಾವನ್ನು ಮರಳಿ ಕಟ್ಟುವುದು ದುರಸ್ತಿಯೇ ಹೊರತು ಮಾರ್ಪಾಡಲ್ಲ. ಇದರಿಂದಲೇ ಎಷ್ಟೋ ಗ್ರಾಹಕರ ದೂರು ನಿವಾರಣೆಯಾಗುತ್ತದೆ. ತಯಾರಿಕೆ ನಿಂತ ವಾಹನಗಳಿಗೆ ಪಾಟಾ, ಶಾಕಲ್, ಸೆಂಟರ್ ಬೋಲ್ಟ್, ಯು-ಬೋಲ್ಟ್ ಹಾಗೂ ಬುಷ್‌ಗಳ ಬೇಡಿಕೆ ಮುಂದೆಯೂ ಇರುತ್ತದೆ. ಅಳತೆ ತಪ್ಪದ, ಉಕ್ಕಿನ ದರ್ಜೆಯನ್ನು ಬಿಲ್ಲಿನಲ್ಲಿ ನಮೂದಿಸುವ, ಹದ ಮಾಡಿದ ದಾಖಲೆ ಇಡುವ ಸಣ್ಣ ಘಟಕಕ್ಕೆ ಇದು ಸ್ಥಿರವಾದ ಮಾರುಕಟ್ಟೆ. 2025ರ ಸೆಪ್ಟೆಂಬರ್ 22ರಿಂದ ವಾಹನ ಬಿಡಿಭಾಗಗಳಿಗೆ ಏಕರೂಪವಾಗಿ ಶೇ. 18ರ ಜಿ.ಎಸ್.ಟಿ. ಜಾರಿಗೆ ಬಂದುದರಿಂದ ಈ ಹಿಂದೆ ಶೇ. 28ರ ದರದಲ್ಲಿದ್ದ ಭಾಗಗಳ ಬಿಲ್ ಸಹಿತ ವ್ಯಾಪಾರವೂ ಗ್ರಾಹಕರಿಗೆ ಹಗುರವಾಗಿದೆ.

ಪ್ರತಿ ಕೆಲಸಕ್ಕೂ ಜಾಬ್ ಕಾರ್ಡ್ ಬರೆಯುವುದು, ಕೆಲಸಕ್ಕೆ ಮುನ್ನ ಮತ್ತು ನಂತರ ನಾಲ್ಕೂ ಗಾಲಿಗಳ ಬಳಿಯ ಎತ್ತರ, ಕ್ಯಾಸ್ಟರ್ ಹಾಗೂ ಟೋ-ಇನ್ ಅಳತೆಗಳನ್ನು ದಾಖಲಿಸುವುದು, ಖಾಲಿ ವಾಹನವನ್ನೂ ಹೊರೆ ಹೊತ್ತ ವಾಹನವನ್ನೂ ಓಡಿಸಿ ನೋಡಿ ಗ್ರಾಹಕರ ಸಹಿ ಪಡೆಯುವುದು ಖರ್ಚಿಲ್ಲದ ಕ್ರಮಗಳು. ನಾಳೆ ಪ್ರಶ್ನೆ ಎದ್ದಾಗ ಕಾರ್ಯಾಗಾರದ ಪರವಾಗಿ ಮಾತನಾಡುವುದು ಈ ಕಾಗದವೇ. ಮಾಡಲಾಗದ ಕೆಲಸವನ್ನು ಮಾಡಲಾಗದೆಂದು ಹೇಳುವುದೂ ವ್ಯಾಪಾರದ ಧರ್ಮ. ಹಾಗೆ ಹೇಳಿದವನ ಬಾಗಿಲಿಗೆ ಗ್ರಾಹಕನು ಮುಂದಿನ ಬಾರಿಯೂ ಬರುತ್ತಾನೆ ಎಂಬುದು ಅನುಭವಸ್ಥ ವರ್ತಕರೆಲ್ಲರೂ ಬಲ್ಲ ಮಾತು.